ಎಲೆ ಹಿಡಿದ ಮೇಲೆ

ಟವೆಲಿನ ಗಂಟು ಬಿಚ್ಚುವ ಮೊದಲು ಅಂಬ್ರಪ್ಪ, ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ಜರಾ ಆ ಕಡೆ ಸರಿಸಬೇಕೆಂದು ಹೇಳಿದ. ಪರಿಮಳಾ ಸರಿಸಿದಳು. ಅವನು ಗಂಟು ಬಿಚ್ಚಿ ಎರಡು ಹಿಡಿ ಭತ್ತವನ್ನು ಮೇಜಿನ ಮೇಲೆ ಸುರಿದು, ಅಂಗೈಯಿಂದ ತೆಳ್ಳಗೆ ಹರಡಿದ. ಕೋಣೆಯಲ್ಲಿ ಮುಗ್ಗಿದ ಹಸಿ ವಾಸನೆ ಎದ್ದಿತು. ಕಾಳಿನ ತುದಿಗಳಲ್ಲಿ ದಾರದೆಳೆಯಂಥ ಬಿಳಿ ಮೊಳಕೆಗಳಿದ್ದವು.

"ತೆನಿಯಾಗ ಇದ್ದಂಗನ ಮೊಳಕಿ ಒಡದಾವ, ತಂಗಿ," ಎಂದ. "ತೋರಸಾಕ ನನ್ನ ಬಲ್ಲಿ ಕಾಗದ-ಪತ್ರ ಏನೂ ಇಲ್ಲ. ಅದಕ್ಕ ಇದನ್ನ ತಂದೀನಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಪರಿಮಳಾಳಿಗೆ ಸುಲಭವಾಗುತ್ತಿತ್ತು. ಸಿಟ್ಟಾಗಿ ಬಂದವರನ್ನು ಕೂರಿಸಿ, ಚಹಾ ತರಿಸಿ, ಸಮಾಧಾನ ಮಾಡಿ ಕಳಿಸುವುದು ಹತ್ತು ವರ್ಷದ ನೌಕರಿಯಲ್ಲಿ ಅವಳಿಗೆ ರೂಢಿಯಾಗಿತ್ತು. ಇವನು ಸಾವಕಾಶವಾಗಿ ಹೇಳುತ್ತ ಹೋದ. ವನದುರ್ಗದ ಹತ್ತಿರ ಎರಡೆಕರೆ ಭತ್ತದ ಗದ್ದೆ. ಕೊಯ್ಯುವ ಮಷಿನ್ನಿಗೆ ಈ ಕಂಪನಿಯ ನಂಬರಿಗೇ ಫೋನ್ ಮಾಡಿ ಹೆಸರು ಬರೆಸಿದ್ದ. ಮಷಿನ್ನೇನೋ ಹೇಳಿದ ದಿನವೇ ಬಂತು, ಆದರೆ ಟೈರಿನದು. ಗದ್ದೆ ಇನ್ನೂ ಹಸಿ ಇತ್ತು. ಬದುವಿನ ಹತ್ತಿರವೇ ಗಾಲಿ ಹೂತುಕೊಂಡಿತು. ಇಲ್ಲಿಗೆ ಚೈನಿನ ಮಷಿನ್ನೇ ಬೇಕು ಎಂದು ಡ್ರೈವರ್ ವಾಪಸು ಹೋದ. ಅಂಬ್ರಪ್ಪ ಅಂದೇ ಫೋನ್ ಮಾಡಿದ, ಮರುದಿನ ಮಾಡಿದ, ಅದರ ಮರುದಿನವೂ ಮಾಡಿದ. ಮೂರು ಸಲವೂ ಒಂದೇ ಉತ್ತರ: ಬರೆದುಕೊಂಡಿದ್ದೇವೆ, ಸೋಮವಾರ ನೋಡುತ್ತೇವೆ. ಶುಕ್ರವಾರ ಹಿಡಿದ ಮಳೆ ಭಾನುವಾರ ಬಿಟ್ಟಿತು. ಅಷ್ಟರಲ್ಲಿ ಪೈರು ನೀರಿನೊಳಗೆ ಮಲಗಿತ್ತು. ಸೋಮವಾರ ಅಂದದ್ದು ನಿನ್ನೆ. ನಿನ್ನೆಯೂ ಯಾರೂ ಬರಲಿಲ್ಲ.

"ಫೋನಿನ್ಯಾಗ ಆ ಹುಡುಗಿ ಭಾಳ ಚಂದ ಮಾತಾಡಿದಳು. 'ಊಟ ಆಯ್ತೇನ್ರಿ ಕಾಕಾ' ಅಂತ ಕೇಳಿದಳು. ಮಷೀನ್ ಒಂದು ಬರಲಿಲ್ಲ, ನೋಡು."

ಪರಿಮಳಾ ಅವನ ನಂಬರು ಕೇಳಿ ಕಂಪ್ಯೂಟರಿನಲ್ಲಿ ಹುಡುಕಿದಳು. ಮೊದಲ ಬುಕಿಂಗ್ ಇತ್ತು. ಆಮೇಲಿನ ಮೂರು ಫೋನುಗಳ ಸುಳಿವೇ ಇರಲಿಲ್ಲ. ಮತ್ತೊಮ್ಮೆ ಹುಡುಕಿದಳು. ಹೋದ ಹದಿನೈದು ದಿನಗಳ ದೂರುಗಳೆಲ್ಲ ಮುಗಿದವೆಂಬ ಹಸಿರು ಬಣ್ಣದಲ್ಲಿದ್ದವು. ನಲವತ್ತಕ್ಕೆ ನಲವತ್ತು. ಆ ಚಾರ್ಟನ್ನೇ ಅವಳು ನಿನ್ನೆ ಬೆಳಿಗ್ಗೆ ಕಲಬುರಗಿಯ ಹೆಡ್ ಆಫೀಸಿಗೆ ಕಳಿಸಿದ್ದಳು. ಅಲ್ಲಿನ ಮಹೇಶಕುಮಾರ ಸರ್ ಮೊದಲ ಸಲ ಹೆಬ್ಬೆರಳೆತ್ತಿದ ಚಿತ್ರ ಕಳಿಸಿ, ಗುರುವಾರ ತಾವೇ ಬರುವುದಾಗಿ ಬರೆದಿದ್ದರು.

ಭತ್ತದ ಮುಂದೆ ಅಂಬ್ರಪ್ಪನನ್ನು ಕೂರಿಸಿ ಅವಳು ಕೆಳಗಿಳಿದಳು.

ಭೀಮರಾಯನಗುಡಿಯ ಆ ಎರಡಂತಸ್ತಿನ ಬಾಡಿಗೆ ಮನೆಯಲ್ಲಿ ಕಂಪನಿಯ ಎರಡು ತಂಡಗಳಿದ್ದವು. ಎರಡಕ್ಕೂ ಪರಿಮಳಾಳೇ ಮೇಲ್ವಿಚಾರಕಿ. ಮೇಲೆ ಸಂಗಮನಾಥ ಮತ್ತು ಅವನ ನಾಲ್ವರು, ರೈತರು ಮಷಿನ್ ಬುಕ್ ಮಾಡುವ ಆ್ಯಪ್ ಬರೆಯುವವರು. ಕೆಳಗೆ ಭೀಮಮ್ಮ, ಮಲ್ಲೇಶ್ವರಿ, ಕಸ್ತೂರಿ, ತೌಹೀದ, ಈ ನಾಲ್ವರು. ಮಷಿನ್ ಬರದವರ, ಬಂದು ಕೆಟ್ಟು ನಿಂತವರ, ತಪ್ಪು ಹೊಲಕ್ಕೆ ಹೋದವರ ಫೋನುಗಳನ್ನು ಎತ್ತುವವರು.

ವರ್ಷದ ಹಿಂದೆ ಮೇಲಿನವರ ಪಾಡು ನೋಡುವ ಹಾಗಿರಲಿಲ್ಲ. ಕಲಬುರಗಿಯಿಂದ ಬೆಳಿಗ್ಗೆ ಒಂದು ಬೇಡಿಕೆ, ಸಂಜೆ ಇನ್ನೊಂದು. ಯಾವುದೂ ಮುಗಿಯುತ್ತಿರಲಿಲ್ಲ. ಆಗ ಪರಿಮಳಾ ಎರಡು ದಿನದ ತರಬೇತಿಗೆ ಹೋಗಿ ಬಂದು ಸ್ಪ್ರಿಂಟ್ ಪದ್ಧತಿ ತಂದಳು. ಹದಿನೈದು ದಿನದಲ್ಲಿ ಇಷ್ಟು ಮಾಡುತ್ತೇವೆ ಎಂದು ಮೊದಲೇ ಹೇಳುವುದು, ಆ ಹದಿನೈದು ದಿನ ಯಾರೂ ನಡುವೆ ಕೈಹಾಕದಂತೆ ನೋಡಿಕೊಳ್ಳುವುದು, ದಿನಾ ಬೆಳಿಗ್ಗೆ ಕಾಲು ಗಂಟೆ ನಿಂತು ಮಾತಾಡುವುದು. ಮೇಲಿನವರಿಗೆ ಅದು ಗದ್ದೆಗೆ ಬೇಲಿ ಹಾಕಿದಂತಾಯಿತು. ಸಂಗಮನಾಥ ಮೂರು ತಿಂಗಳಲ್ಲಿ ಹೆಡ್ ಆಫೀಸಿನ ಫೋನಿಗೆ, "ಮುಂದಿನ ಸ್ಪ್ರಿಂಟಿಗೆ ನೋಡೋಣ್ರಿ ಸರ್," ಎನ್ನುವುದನ್ನು ಕಲಿತ. ಆ್ಯಪ್ ಕೊನೆಗೂ ಹೊರಬಿತ್ತು.

ತರಬೇತಿಯ ಎರಡನೇ ದಿನ, ಊಟವಾದ ಮೇಲೆ, ಅರ್ಧ ಮಂದಿ ತೂಕಡಿಸುತ್ತಿದ್ದಾಗ, ಪಾಠ ಹೇಳುವವರು ಇನ್ನೊಂದು ಮಾತು ಹೇಳಿದ್ದರು. ತಾನಾಗಿ ಬರುವ ಕೆಲಸವನ್ನು ಹದಿನೈದು ದಿನದ ಲೆಕ್ಕಕ್ಕೆ ಕಟ್ಟಬೇಡಿ, ಹರಿಯಲು ಬಿಡಿ, ಒಬ್ಬರ ಕೈಯಲ್ಲಿ ಒಮ್ಮೆಗೆ ಎಷ್ಟಿರಬೇಕು ಅನ್ನುವುದಕ್ಕಷ್ಟೇ ಮಿತಿ ಹಾಕಿ. ಅದಕ್ಕೆ ಕಾನ್‌ಬಾನ್ ಎಂದು ಹೆಸರು. ಪರಿಮಳಾ ಅದನ್ನು ಬರೆದುಕೊಂಡು ಅಡಿಗೆರೆಯನ್ನೂ ಎಳೆದಿದ್ದಳು. ಆದರೆ ಎರಡು ಪದ್ಧತಿ ಎಂದರೆ ಎರಡು ಸಭೆ, ಎರಡು ಬೋರ್ಡು, ಎರಡು ವರದಿ. ಹೆಡ್ ಆಫೀಸಿನ ನಮೂನೆಯಲ್ಲಿ ಎಲ್ಲ ತಂಡಗಳಿಗೂ ಒಂದೇ ಕಾಲಮ್ಮು. ಗಂಡ ಪ್ರವೀಣಕುಮಾರ ಗುರುಮಠಕಲ್ ಕಡೆಯ ಶಾಲೆಯಲ್ಲಿ ಮಾಸ್ತರ, ಶನಿವಾರ ಬಂದು ಸೋಮವಾರ ಹೋಗುವವನು. ಶಹಾಪುರದ ಮನೆಯಲ್ಲಿ ಆರನೆಯ ಇಯತ್ತೆಯ ಮಗಳು, ಮಂಡಿ ಹಿಡಿದ ಅತ್ತೆ. ಬೆಳಿಗ್ಗೆ ಒಂಬತ್ತೂಕಾಲಿಗೆ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಮಾತು ಮುಗಿಸಿದರೆ ಐದೂವರೆಗೆ ಸ್ಕೂಟಿ ಹತ್ತಬಹುದು. ಅಷ್ಟಕ್ಕಾಗಿ, ಕೇವಲ ಅಷ್ಟಕ್ಕಾಗಿ, ಅವಳು ಒಂದೂವರೆ ತಿಂಗಳ ಹಿಂದೆ ಮೇಲಿನವರ ಪದ್ಧತಿಯನ್ನು ಕೆಳಗಿನವರಿಗೂ ಹಾಕಿದ್ದಳು.

ಮೊದಲ ಹದಿನೈದು ದಿನ ಕೆಳಗಿನವರು ನಲವತ್ತು ದೂರು ಮುಗಿಸುತ್ತೇವೆಂದು ಹೇಳಿ ಹತ್ತೊಂಬತ್ತು ಮುಗಿಸಿದರು. ಆಮೇಲೆ ಇಪ್ಪತ್ತೆರಡು. ಅವರೇನು ಸುಮ್ಮನೆ ಕೂತಿರಲಿಲ್ಲ. ದಿನಾ ಬರುವ ಹೊಸ ಫೋನುಗಳನ್ನು ಮೊದಲು ನೋಡುತ್ತಿದ್ದರು, ಹೇಳಿದ ನಲವತ್ತು ಹಿಂದೆ ಬೀಳುತ್ತಿತ್ತು. ಹೊಸದು ಎಷ್ಟು ಮಾಡಿದರೂ ಚಾರ್ಟಿನ ಲೆಕ್ಕಕ್ಕಿಲ್ಲ. ಮಹೇಶಕುಮಾರ ಸರ್ ಫೋನ್ ಮಾಡಿ, ಮೂರನೆಯದೂ ಹೀಗೇ ಆದರೆ ಈ ನಾಲ್ವರ ಕೆಲಸವನ್ನು ಕಲಬುರಗಿಯ ಕಾಲ್ ಸೆಂಟರಿಗೆ ಕೊಟ್ಟುಬಿಡುವುದೇ ಚೊಲೊ ಎಂದರು. ಪರಿಮಳಾ ಅದನ್ನು ಮುಚ್ಚಿಡದೆ ನಾಲ್ವರಿಗೂ ಹೇಳಿದಳು.

ಆ ಸೋಮವಾರ ಭೀಮಮ್ಮ ಎಲೆ-ಅಡಿಕೆ ತಂದಳು.

ಭೀಮಮ್ಮನಿಗೆ ಮೂವತ್ನಾಲ್ಕು. ಮದುವೆಯಾಗಿ, ಎರಡು ಮಕ್ಕಳಾಗಿ, ಹೊಲದ ಕೂಲಿಯ ನಡುವೆಯೇ ಪಿಯುಸಿ ಕಟ್ಟಿ ಪಾಸಾಗಿ, ಕಂಪ್ಯೂಟರ್ ಕಲಿತು ಬಂದವಳು. ಅವಳ ಕಡೆ ಹೊಲದ ಕಸ, ಅಂದರೆ ಕಳೆ, ತೆಗೆಯುವ ಹೆಂಗಸರ ಗುಂಪು ಒಂದು ಹೊಲವನ್ನು ಗುತ್ತಿಗೆ ಹಿಡಿದರೆ, ಹೊಲದವರು ಗುಂಪಿನ ಮುಂದಾಳಿನ ಕೈಗೆ ಎಲೆ-ಅಡಿಕೆ ಕೊಡುತ್ತಾರೆ. ಎಲೆ ಹಿಡಿದ ಮೇಲೆ ಆ ಹೊಲ ಮುಗಿಯುವ ತನಕ ಗುಂಪು ಬೇರೆ ಹೊಲಕ್ಕೆ ಕಾಲಿಡುವುದಿಲ್ಲ. ಯಾರು ಕರೆದರೂ, ಎಷ್ಟು ಹೆಚ್ಚು ಕೊಡುತ್ತೇವೆಂದರೂ. "ನಿಮ್ಮ ಕೈಯಿಂದನ ಕೊಡ್ರಿ ಮೇಡಂ," ಎಂದು ಭೀಮಮ್ಮ ಕೇಳಿದಾಗ ಪರಿಮಳಾ ನಗುತ್ತ ಕೊಟ್ಟಳು. ಭೀಮಮ್ಮ ಅದನ್ನು ದಾರದಿಂದ ಬೋರ್ಡಿನ ಮೊಳೆಗೆ ಕಟ್ಟಿದಳು. ಪರಿಮಳಾ ಫೋಟೊ ತೆಗೆದು ಹೆಡ್ ಆಫೀಸಿನ ಗ್ರೂಪಿಗೆ ಹಾಕಿದಳು. ಹನ್ನೊಂದು ಮಂದಿ ಚಪ್ಪಾಳೆ ಒತ್ತಿದರು.

ಈಗ ಅವಳು ಕೆಳಗೆ ಹೋಗಿ ನಿಂತಾಗ ಅದೇ ಮೊಳೆಗೆ ನಿನ್ನೆ ಕಟ್ಟಿದ ಹೊಸ ಎಲೆ ಇತ್ತು.

ಅಂಬ್ರಪ್ಪನ ಹೆಸರು ಹೇಳಿ ಕೇಳಿದಳು. ಭೀಮಮ್ಮ ಏನೂ ಮುಚ್ಚಿಡುವ ಗಡಿಬಿಡಿ ಇಲ್ಲದೆ ಡ್ರಾವರ್ ಎಳೆದು ಉದ್ದನೆಯ ನೋಟ್‌ಬುಕ್ ತೆಗೆದಳು. ಕೆಂಪು ಪೆನ್ನಿನಿಂದ ಗೆರೆ ಹೊಡೆದಿತ್ತು. ಮೇಲೆ 'ಮುಂದಿನ ಸೋಮವಾರಕ್ಕೆ' ಎಂದು ದುಂಡನೆಯ ಅಕ್ಷರ. ನೂರಾಮೂರು ಹೆಸರುಗಳಿದ್ದವು. ಮೊದಲ ನಲವತ್ತು ನಿನ್ನೆ ಹೊಸ ಚೀಟಿಗಳಾಗಿ ಬೋರ್ಡು ಏರಿದ್ದವು. ಆ ಚೀಟಿಗಳು ಎಲ್ಲಿಂದ ಬಂದವೆಂದು ಪರಿಮಳಾ ನಿನ್ನೆ ಕೇಳಿರಲಿಲ್ಲ. ಅಂಬ್ರಪ್ಪನದು ಐವತ್ತೊಂದನೆಯದು. ಅವನ ಹೆಸರಿನ ಮುಂದೆ 'ಚೈನ್ ಮಷಿನ್ ಬೇಕು' ಎಂದಿತ್ತು, ಅದರ ಕೆಳಗೆ 'ಮತ್ತೆ ಮಾಡಿದ್ದರು', ಅದರ ಕೆಳಗೆ 'ಮತ್ತೆ'. ಎರಡು ನಿಮಿಷದ ಕೆಲಸ. ಮಷಿನ್ ಮಾಲೀಕನಿಗೆ ಒಂದು ಫೋನು.

"ಇದನ್ನ ನನಗ್ಯಾಕ ಹೇಳಲಿಲ್ಲ, ಭೀಮಮ್ಮ?"

"ಏನಂತ ಹೇಳೋದ್ರಿ?" ಭೀಮಮ್ಮನಿಗೆ ಪ್ರಶ್ನೆಯೇ ವಿಚಿತ್ರವೆನ್ನಿಸಿದಂತಿತ್ತು. "ಎಲಿ ಹಿಡದ ಮ್ಯಾಲ ಮತ್ತೊಬ್ಬರ ಹೊಲಕ್ಕ ಕಾಲಿಡಂಗಿಲ್ಲ. ಕಂಪ್ಯೂಟರ್‌ನ್ಯಾಗ ಹಾಕಿದ್ರ ಅದೂ ಚಾರ್ಟಿನ್ಯಾಗ ಬಾಕಿ ಅಂತ ಬರ್ತದ. ನಾವು ಕೊಟ್ಟ ಮಾತಿನ್ಯಾಗ ಅದು ಇದ್ದಿಲ್ಲಲ್ರಿ. ನಿಮಗ ಗೊತ್ತಿಲ್ಲದ್ದೇನದ?"

ಗೊತ್ತಿತ್ತು. ಪರಿಮಳಾಳ ಅತ್ತೆ ದೇವಕಮ್ಮ ಇಪ್ಪತ್ತು ವರ್ಷ ಹೀಗೆ ಎಲೆ ಹಿಡಿದ ಕೈಯವಳು.

ಅಂಬ್ರಪ್ಪ ಮೇಲೆ ಕೂತಿದ್ದಾನೆ, ಗದ್ದೆ ಮಲಗಿದೆ ಎಂದು ಪರಿಮಳಾ ಹೇಳಿದಾಗ ಮೂಲೆಯಲ್ಲಿದ್ದ ಕಸ್ತೂರಿ ಕಿವಿಯ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಊಟ ಆಯಿತೇ ಎಂದು ಕೇಳಿದವಳು ಅವಳೇ. ಯಾರನ್ನೂ ನೋಡದೆ ಅದರ ವಯರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು.

ಚೈನಿನ ಮಷಿನ್ನು ಇಟ್ಟಿದ್ದ ಮನ್ಸೂರಅಲಿಗೆ ಪರಿಮಳಾ ತಾನೇ ಫೋನ್ ಮಾಡಿದಳು. ಮಳೆಯಾದ ಮೇಲೆ ಎಲ್ಲರಿಗೂ ಚೈನಿನದೇ ಬೇಕಾಗಿತ್ತು. ಬಹಳ ಹೇಳಿಸಿಕೊಂಡ ಮೇಲೆ ಅವನು ಗುರುವಾರ ಮಧ್ಯಾಹ್ನ ಕಳಿಸಲು ಒಪ್ಪಿದ. ಮೇಲೆ ಹೋಗಿ ಅಂಬ್ರಪ್ಪನಿಗೆ ಅದನ್ನು ಹೇಳಿದಳು. ತಪ್ಪು ನಮ್ಮದು ಎಂದೂ ಹೇಳಿದಳು. ಎಷ್ಟು ಉಳಿಯಬಹುದು ಎಂದು ಕೇಳಿದ್ದಕ್ಕೆ, ಅರ್ಧ ಸಿಕ್ಕರೆ ದೊಡ್ಡದು ಎಂದ. ಒಂದೊಂದೇ ಕಾಳನ್ನು ಮೇಜಿನ ಸಂದಿಯಿಂದಲೂ ಆರಿಸಿ ಟವೆಲಿಗೆ ಹಾಕಿಕೊಂಡು ಗಂಟು ಕಟ್ಟಿದ.

"ಗುರುವಾರ ಅಂದ್ರ ಗುರುವಾರನ ಏನು, ತಂಗಿ? ಇಲ್ಲಾ ನಿಮ್ಮ ಸೋಮವಾರದಂಥಾ ಗುರುವಾರನ?"

ಉತ್ತರಕ್ಕೆ ಕಾಯದೆ ಅವನು ಗಂಟು ಹಿಡಿದು ಮೆಟ್ಟಿಲಿಳಿದ.

ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಅತ್ತೆಗೆ ಎಲ್ಲ ಹೇಳಿದಳು. ಮಗಳು ಯಶೋಧರಾ ಅಡಿಗೆಮನೆಯ ಹೊಸ್ತಿಲಲ್ಲಿ ಗಣಿತದ ಪುಸ್ತಕ ಹಿಡಿದು, ಅವ್ವ ಯಾವಾಗ ನೋಡುತ್ತಾಳೆಂದು ಕಾಯುತ್ತ, ಕೊನೆಗೆ ತಾನೇ ಮಾಡಿಕೊಳ್ಳತೊಡಗಿದ್ದಳು. ದೇವಕಮ್ಮ ಗೋಡೆಗೆ ಒರಗಿ, ಮಂಡಿ ತಿಕ್ಕಿಕೊಳ್ಳುತ್ತ ಕೇಳಿದಳು. ಕಂಪ್ಯೂಟರ್ ಆಫೀಸಿನಲ್ಲೂ ಎಲೆ ಹಿಡಿಯುತ್ತಾರೆ ಎಂಬುದಕ್ಕೆ ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಆ ಕೆಳಗಿನವರ ಕೆಲಸ ಯಾವ ನಮೂನೆಯದು ಎಂದು ವಿಚಾರಿಸಿದಳು. ದಿನಾ ಎಷ್ಟು ಫೋನು ಬರುತ್ತವೆ ಎಂದು ಮೊದಲೇ ಗೊತ್ತಿರುತ್ತದೇನು? ಇಲ್ಲ ಎಂದಳು ಪರಿಮಳಾ. ಒಂದು ದಿನ ಹತ್ತು, ಮಳೆ ಬಂದ ದಿನ ನೂರು.

"ಹಂಗಾದ್ರ ಅದು ಕಸ ತಗಿಯೋದಲ್ಲ, ಮೆಣಸಿನಕಾಯಿ ಬಿಡಸೋದು," ಎಂದಳು ದೇವಕಮ್ಮ. "ಕಸ ಎಷ್ಟದ ಅಂತ ಬದುವಿನ ಮ್ಯಾಲ ನಿಂತ್ರ ಕಾಣ್ತದ. ಅದಕ್ಕ ಎಲಿ ಹಿಡಿಬೇಕು. ಕಾಯಿ ಯಾವತ್ತು ಎಷ್ಟು ಹಣ್ಣಾಗ್ತಾವ ಅಂತ ಯಾರಿಗೆ ಗೊತ್ತು? ಹಣ್ಣಾದಂಗ ಬಿಡಸ್ಕೋತ ಹೋಗೋದು. ಬಿಡಸಾಕ ಯಾರರ ಎಲಿ ಕೊಡ್ತಾರೇನು?"

ಪರಿಮಳಾ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. ತರಬೇತಿಯಲ್ಲಿ ಅಡಿಗೆರೆ ಎಳೆದುಕೊಂಡ ಸಾಲು ಅವಳಿಗೆ ನೆನಪಾಯಿತು. ಭೀಮಮ್ಮ ಇಷ್ಟು ವರ್ಷ ಹೊಲ ಮಾಡಿದವಳು, ಅವಳಿಗಾದರೂ ತಿಳಿಯಬಾರದಿತ್ತೇ ಎಂದು ಗೊಣಗಿದಳು.

"ಎಲಿ ಹಿಡದಾಕಿನ್ನ ಬೈಬ್ಯಾಡ," ಎಂದಳು ದೇವಕಮ್ಮ. "ಕೆಲಸ ಹೋಗ್ತದಂತ ನೀನ ಹೇಳಿದ ಮ್ಯಾಲ ಆಕಿ ಏನು ಕೊಟ್ರೂ ಹಿಡೀತಾಳ. ಕೊಟ್ಟಾಕಿನ್ನ ಕೇಳಬೇಕು."

ಇನ್ನೊಂದು ರೊಟ್ಟಿ ಬಡಿದು, ಕೊಟ್ಟ ಎಲೆಯನ್ನು ವಾಪಸು ಪಡೆಯುವ ಪದ್ಧತಿ ಇದೆಯೇ ಎಂದು ಪರಿಮಳಾ ಕೇಳಿದಳು. ಇದೆ ಎಂದಳು ಅತ್ತೆ. ಹೊಲದವರು ತಾವೇ ಬಂದು, ಗುಂಪು ನಿಂತಿರುವಾಗ ಎಲ್ಲರೆದುರಿಗೆ ಕೈಯೊಡ್ಡಿ ಕೇಳಬೇಕು. ಕೆಲಸ ನಿಮ್ಮಿಂದ ಕೆಡಲಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಊರಲ್ಲಿ ಆ ಗುಂಪನ್ನು ಮತ್ತೆ ಯಾರೂ ಕರೆಯುವುದಿಲ್ಲ. ತನ್ನ ಇಪ್ಪತ್ತು ವರ್ಷದಲ್ಲಿ ಹಾಗೆ ಕೈಯೊಡ್ಡಿದ ಹೊಲದವರು ಒಬ್ಬರೇ ಎಂದು ನೆನೆಸಿಕೊಂಡಳು. ಅಷ್ಟರಲ್ಲಿ ಯಶೋಧರಾ ಪುಸ್ತಕದ ಮೇಲೇ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಲೆಕ್ಕ ಏಳರ ತನಕ ಬಂದು ನಿಂತಿತ್ತು.

ಬುಧವಾರ ಬೆಳಿಗ್ಗೆ ಪರಿಮಳಾ ಮೇಲಿನವರನ್ನು ಒಂಬತ್ತೂಕಾಲಿಗೆ ಬೇರೆಯಾಗಿ ಮಾತಾಡಿಸಿ, ಕೆಳಗಿಳಿದು ಕಾದಳು. ಹಳ್ಳಿಯ ಬಸ್ಸುಗಳು ಭೀಮರಾಯನಗುಡಿ ಮುಟ್ಟುವುದೇ ಒಂಬತ್ತೂಮುಕ್ಕಾಲಿಗೆ. ಇಷ್ಟು ದಿನ ಮಲ್ಲೇಶ್ವರಿ ಒಂಬತ್ತೂಕಾಲಿನ ಸಭೆಗಾಗಿ ಒಂದು ಬಸ್ಸು ಮೊದಲೇ ಹತ್ತಿ ಬಂದು, ಬಾಗಿಲು ತೆಗೆಯುವ ತನಕ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು ಎಂಬುದು ಆ ದಿನ ಮಾತಿಗೆ ಮಾತು ಬಂದು ತಿಳಿಯಿತು.

ನಾಲ್ವರೂ ಬೋರ್ಡಿನ ಮುಂದೆ ನಿಂತರು. ಇನ್ನು ಮೇಲೆ ಕೆಳಗಿನವರಿಗೆ ಹದಿನೈದು ದಿನದ ಲೆಕ್ಕ ಇಲ್ಲ ಎಂದು ಪರಿಮಳಾ ಹೇಳಿದಳು. ಬೋರ್ಡಿನಲ್ಲಿ ಮೂರೇ ಮನೆ: ಬಂದದ್ದು, ಕೈಯಲ್ಲಿರುವುದು, ಮುಗಿದದ್ದು. ಯಾವ ಫೋನು ಬಂದರೂ ಚೀಟಿಯಾಗಿ ಮೊದಲ ಮನೆಗೆ ಹೋಗಬೇಕು. ಒಬ್ಬರ ಕೈಯಲ್ಲಿ ಒಮ್ಮೆಗೆ ಮೂರಕ್ಕಿಂತ ಹೆಚ್ಚು ಇರಬಾರದು. ಒಂದು ಮುಗಿದರೆ ಇನ್ನೊಂದು. ಯಾವುದು ತಡೆಯುವುದಿಲ್ಲವೋ ಅದು ಮೊದಲು. ಎಷ್ಟು ಮಾಡುತ್ತೇವೆಂದು ಯಾರೂ ಹೇಳಬೇಕಾಗಿಲ್ಲ. ಫೋನ್ ಮಾಡಿದವರು ಎಷ್ಟು ದಿನ ಕಾದರು ಎಂಬುದನ್ನಷ್ಟೇ ಚೀಟಿಯ ಮೇಲೆ ಬರೆಯುವುದು. ಮತ್ತೆ, ಫೋನ್ ಮಾಡಿದವರೇ ಮುಗಿಯಿತು ಎಂದ ಮೇಲೆ ಮುಗಿದಂತೆ.

ಭೀಮಮ್ಮ ಎಲ್ಲ ಕೇಳಿಸಿಕೊಂಡಳು. ಅವಳ ಮುಖ ಬಿಗಿದಿತ್ತು.

"ನಾವು ಮಾತು ಉಳಿಸಿದ್ದ ತಪ್ಪಾತೇನ್ರಿ ಮೇಡಂ?" ಎಂದಳು. "ಮೊದಲ ಎರಡು ಸಲ ಉಳಿಸಲಿಲ್ಲಂತ ಕೆಲಸ ಹೋಗ್ತದಂದ್ರಿ. ಈಗ ಉಳಿಸೀವಂತ ಬೋರ್ಡ್ ಅಳಸಾಕತ್ತೀರಿ."

ಪರಿಮಳಾ ಒಂದು ಹೆಜ್ಜೆ ಮುಂದೆ ಬಂದು, ಎರಡೂ ಅಂಗೈ ಸೇರಿಸಿ ಭೀಮಮ್ಮನ ಮುಂದೆ ಒಡ್ಡಿದಳು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ತೌಹೀದ ಏನೋ ತಮಾಷೆ ಇರಬೇಕೆಂದು ನಗಲು ಹೋಗಿ, ಭೀಮಮ್ಮನ ಮುಖ ನೋಡಿ ಸುಮ್ಮನಾದ. ಭೀಮಮ್ಮ ಆ ಕೈಗಳನ್ನೇ ನೋಡುತ್ತ ನಿಂತಳು. ಬೆಳಗಿನ ರೊಟ್ಟಿಯ ತುಸು ಹಿಟ್ಟು ಇನ್ನೂ ಉಗುರಿನ ಸಂದಿಯಲ್ಲಿತ್ತು.

"ಎಲಿ ವಾಪಸ್ ಕೊಡು, ಭೀಮಮ್ಮ. ಕೆಲಸ ನಿಮ್ಮಿಂದ ಕೆಡಲಿಲ್ಲ. ಕಾಯಿ ಬಿಡಸೋ ಅಂಥಾ ಕೆಲಸಕ್ಕ ಎಲಿ ಕೊಟ್ಟಾಕಿ ನಾನು."

ಭೀಮಮ್ಮ ಮೊಳೆಯ ಕಡೆ ತಿರುಗಿದಳು. ಗಂಟು ಬಿಗಿಯಾಗಿತ್ತು, ಉಗುರಿಗೆ ಬಗ್ಗದೆ, ಹಲ್ಲಿನಿಂದ ಕಡಿದಳು. ಬಾಡಿ ಅಂಚು ಸುರುಳಿಗೊಂಡ ಎಲೆಯನ್ನೂ ಅಡಿಕೆಯನ್ನೂ ಪರಿಮಳಾಳ ಅಂಗೈಯಲ್ಲಿ ಇಟ್ಟು, ಹಿಂದೆ ಸರಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ದಾರದ ತುಂಡು ಮೊಳೆಯಲ್ಲೇ ಉಳಿಯಿತು. ಆಮೇಲೆ ನೋಟ್‌ಬುಕ್ ತೆಗೆದು, ಉಳಿದ ಅರವತ್ತಮೂರು ಹೆಸರುಗಳಿಗೆ ಚೀಟಿ ಬರೆಯಲು ಕೂತಳು. ಕಸ್ತೂರಿ ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡಳು. ತೌಹೀದ ಮಳೆಗೆ ಸಿಕ್ಕ ಊರುಗಳ ಚೀಟಿಗಳನ್ನು ಬೇರೆ ಮಾಡಿ ಮೇಲಿಟ್ಟ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಪರಿಮಳಾ ಮನೆಗೆ ಫೋನ್ ಮಾಡಿ, ಇವತ್ತಿನಿಂದ ದಿನಾ ಒಂದು ತಾಸು ತಡವಾಗುತ್ತದೆ ಎಂದಳು. ಆ ಕಡೆ ದೇವಕಮ್ಮ, ಆಗಲಿ ಎಂದು ಇಟ್ಟುಬಿಟ್ಟಳು.

ಗುರುವಾರ ಮಹೇಶಕುಮಾರ ಸರ್ ಬಂದಾಗ ಎರಡೂವರೆಯಾಗಿತ್ತು. ಬೆಳಿಗ್ಗೆಯಿಂದ ಯಾದಗಿರಿ, ಸುರಪುರ ಎಂದು ಸುತ್ತಿ ಬಂದಿದ್ದರು. ಊಟ ಕಾರಿನಲ್ಲೇ ಆಗಿತ್ತು. ಮೇಲೆ ಸಂಗಮನಾಥನ ತಂಡ ನೋಡಿ ಖುಷಿಯಾದರು. ಕೆಳಗೆ ಬಂದು ಹೊಸ ಬೋರ್ಡಿನ ಮುಂದೆ ನಿಂತು, ಹೋದ ಹದಿನೈದು ದಿನದ ನೂರಕ್ಕೆ ನೂರು ಎಲ್ಲಿ ಎಂದು ಹುಡುಕಿದರು. ಪರಿಮಳಾ ನೋಟ್‌ಬುಕ್ಕನ್ನು ಅವರ ಕೈಗೆ ಕೊಟ್ಟಳು. ಕೊಡಬೇಕಾಗಿಯೇನೂ ಇರಲಿಲ್ಲ. ಅದು ಡ್ರಾವರಿನಲ್ಲಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ, ನಾಲ್ವರ ಕೆಲಸ ಇನ್ನೊಂದು ಆರು ತಿಂಗಳಾದರೂ ನಿಶ್ಚಿಂತವಾಗಿರುತ್ತಿತ್ತು. ಬುಧವಾರದ ಇಡೀ ಮಧ್ಯಾಹ್ನ ಅವಳು ಅದನ್ನೇ ಯೋಚಿಸಿದ್ದಳು. ಭೀಮಮ್ಮ ಫೋನಿನಲ್ಲಿ ಯಾರಿಗೋ ಉತ್ತರ ಕೊಡುತ್ತಲೇ ಇತ್ತ ನೋಡುತ್ತಿದ್ದಳು.

ಸರ್ ಪುಟ ತಿರುವಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಹಂಗಾದ್ರ ಹೋದ ಚಾರ್ಟ್ ಸುಳ್ಳೇನ್ರಿ?"

"ಸುಳ್ಳಲ್ರಿ ಸರ್. ಅವರು ಕೊಟ್ಟ ಮಾತು ನಡಸ್ಯಾರ. ಅಂಥಾ ಮಾತು ಇಸಕೊಂಡಾಕಿ ನಾನು."

ಅವರು ಇನ್ನೆರಡು ಪುಟ ತಿರುವಿದರು. ಆಮೇಲೆ, ತಮ್ಮ ನಮೂನೆಯಲ್ಲಿ ಎಲ್ಲರಿಗೂ ಒಂದೇ ಕಾಲಮ್ಮು ಇರುವುದನ್ನು, ಅದನ್ನು ಕಂಪನಿಯ ದೊಡ್ಡವರಿಗೆ ತೋರಿಸಬೇಕಾಗಿರುವುದನ್ನು ವಿವರಿಸಿದರು. ಕೆಳಗಿನವರಿಗೆ ಬೇರೆ ಕಾಲಮ್ಮು ಹಾಕಿರಿ, ಎಷ್ಟು ದಿನ ಕಾಯಿಸಿದೆವು ಎಂದು ತೋರಿಸಿರಿ ಎಂದಳು ಪರಿಮಳಾ. ಮೊದಲ ತಿಂಗಳು ಆ ಸಂಖ್ಯೆ ಚೊಲೊ ಕಾಣುವುದಿಲ್ಲ ಎಂದರು ಅವರು. ಕಾಣುವುದಿಲ್ಲ ಎಂದು ಅವಳೂ ಒಪ್ಪಿದಳು. ತಪ್ಪು ಯಾರದೆಂದು ಬರೆದು ಕೊಡಬೇಕಾಗುತ್ತದೆ ಎಂದಾಗ, ಬರೆದೇ ಇಟ್ಟಿದ್ದ ಹಾಳೆಯನ್ನು ಕೊಟ್ಟಳು. ಅವರು ಓದಿ, ಮಡಿಚಿ, ಅಂಗಿಯ ಜೇಬಿಗೆ ಇಟ್ಟುಕೊಂಡರು. ಈ ಕೊಯ್ಲು ಮುಗಿಯುವ ತನಕ ಹೀಗೇ ನಡೆಯಲಿ, ಆಮೇಲಿನದಕ್ಕೆ ನಾನು ಮಾತು ಕೊಡಲಾರೆ ಎಂದರು.

"ಕೊಡಬ್ಯಾಡ್ರಿ ಸರ್," ಎಂದಳು ಪರಿಮಳಾ. ಅವರು ಅವಳನ್ನು ಒಂದು ಗಳಿಗೆ ನೋಡಿದರು. ಅದು ಬಿರುಸಾಗಿ ಆಡಿದ್ದೋ ಸುಸ್ತಾಗಿ ಆಡಿದ್ದೋ ಅವರಿಗೆ ತಿಳಿದಂತೆ ಕಾಣಲಿಲ್ಲ. ಅವಳಿಗೂ ತಿಳಿದಿರಲಿಲ್ಲ.

ಕಾರು ಹೋದ ಮೇಲೆ ಅವಳು ಕೆಳಗಿನ ಕೋಣೆಯ ಖಾಲಿ ಕುರ್ಚಿಯಲ್ಲಿ ಕೂತಳು. ಎದ್ದು ಮೆಟ್ಟಿಲು ಹತ್ತಬೇಕೆನ್ನಿಸಲಿಲ್ಲ. ಮಲ್ಲೇಶ್ವರಿ ನೀರು ತಂದಿಟ್ಟಳು. ಯಾರೂ ಏನಾಯಿತೆಂದು ಕೇಳಲಿಲ್ಲ, ಎಲ್ಲ ಕೇಳಿಸಿತ್ತು.

ನಾಲ್ಕಕ್ಕೆ ಭೀಮಮ್ಮ ಎದ್ದು ಬೋರ್ಡಿನ ನಡುವಿನ ಮನೆಯಿಂದ ಒಂದು ಚೀಟಿ ತೆಗೆದಳು. ಮಷಿನ್ ಹೊರಟಿದೆ ಎಂದು ಮನ್ಸೂರಅಲಿ ಒಂದು ಗಂಟೆಗೇ ತಿಳಿಸಿದ್ದ. ಆದರೂ ಅಂಬ್ರಪ್ಪನ ಬಾಯಿಂದ ಕೇಳದೆ ಅವಳು ಅದನ್ನು 'ಮುಗಿದದ್ದು' ಮನೆಗೆ ಹಚ್ಚಿರಲಿಲ್ಲ. ಚೀಟಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ನಂಬರು ಒತ್ತಿ, ಫೋನನ್ನು ಎಲ್ಲರಿಗೂ ಕೇಳುವಂತೆ ಮಾಡಿ ಮೇಜಿನ ಮೇಲಿಟ್ಟಳು.

ಬಹಳ ಹೊತ್ತು ಹೊಡೆದುಕೊಂಡ ಮೇಲೆ ಆ ಕಡೆ ಎತ್ತಿದರು. ಮಷಿನ್ನಿನ ಗದ್ದಲವೊಂದೇ ನುಗ್ಗಿ ಬಂತು. ಭೀಮಮ್ಮ, "ಕಾಕಾ, ಬಂತೇನ್ರಿ," ಎಂದು ಎರಡು ಸಲ ಕೂಗಿ ಕೇಳಿದಳು. ಅಂಬ್ರಪ್ಪನ ದನಿ ಏನೋ ಅಂದಿತು, ತಿಳಿಯಲಿಲ್ಲ. ಇನ್ಯಾರಿಗೋ ಬದುವಿನ ಕಡೆಯಿಂದ ಬಾ ಎಂದು ಹೇಳಿದಂತಿತ್ತು. ಆಮೇಲೆ ಅವನು ಫೋನನ್ನು ಹಾಗೆಯೇ ಜೇಬಿಗೆ ಹಾಕಿಕೊಂಡಿರಬೇಕು. ಬಟ್ಟೆ ಉಜ್ಜಿದ ಸದ್ದಾಯಿತು. ಚೈನು ಕೆಸರಿನಲ್ಲಿ ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು, ಅಷ್ಟೇ ಕೇಳುತ್ತಿತ್ತು.

ಕಸ್ತೂರಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಭೀಮಮ್ಮ ಚೀಟಿ ಹಿಡಿದು ನಿಂತೇ ಇದ್ದಳು. ಫೋನನ್ನು ಯಾರೂ ಕತ್ತರಿಸಲಿಲ್ಲ.